ಮೊಲಕ್ಕೆ ಹುಲ್ಲು ಮೊದಲು, ಮುದ್ದು ಆಮೇಲೆ

"ದಿನಕ್ಕೆ ಎಷ್ಟು ಕ್ಯಾರೆಟ್ ಹಾಕಬೇಕು ಅಜ್ಜಿ?" ಮೊಲ ತಂದ ಮನೆಯ ಮಕ್ಕಳೆಲ್ಲ ಮೊದಲು ಕೇಳೋದು ಇದನ್ನೇ. ಚಿತ್ರಪುಸ್ತಕಗಳಲ್ಲಿ ಮೊಲ ಅಂದರೆ ಪಕ್ಕದಲ್ಲೊಂದು ಕ್ಯಾರೆಟ್ ಇದ್ದೇ ಇರುತ್ತೆ, ಅದನ್ನು ನೋಡಿ ಬೆಳೆದವರು ಪಾಪ ಇನ್ನೇನು ಕೇಳ್ತಾರೆ? ಕ್ಯಾರೆಟ್ ಗಡ್ಡೆಯಲ್ಲಿ ಸಕ್ಕರೆ ಜಾಸ್ತಿ. ನಮಗೆ ಹಬ್ಬದ ದಿನ ಹೋಳಿಗೆ ಹೇಗೋ ಮೊಲಕ್ಕೆ ಅದು ಹಾಗೆ. ವಾರಕ್ಕೆ ಒಂದೆರಡು ಸಲ ಹೆಬ್ಬೆರಳ ಉಗುರಿನಷ್ಟು ತುಂಡು ಸಾಕು. ತರಕಾರಿಯವರು ಕಿತ್ತು ಬಿಸಾಡುವ ಕ್ಯಾರೆಟ್ ಸೊಪ್ಪನ್ನು ಕೇಳಿ ತನ್ನಿ, ಅದು ಗಡ್ಡೆಗಿಂತ ಒಳ್ಳೇದು.

ಮೊಲದ ಊಟ ಅಂದರೆ ಹುಲ್ಲು. ಅದು ತಿನ್ನುವುದರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಹುಲ್ಲೇ ಇರಬೇಕು, ಹಗಲೂ ರಾತ್ರಿ ಅದರ ಮುಂದೆ ಇರಬೇಕು. ಮೊಲದ ಬಾಯಲ್ಲಿ 28 ಹಲ್ಲು, ಎಲ್ಲವೂ ಜೀವ ಇರೋವರೆಗೂ ಬೆಳೀತಾನೇ ಇರುತ್ತವೆ. ಬಾಚಿಹಲ್ಲಂತೂ ವಾರಕ್ಕೆ ಸುಮಾರು 2 ಮಿಲಿಮೀಟರ್ ಬೆಳೆಯುತ್ತೆ. ನಾರಿರುವ ಹುಲ್ಲನ್ನು ಗಂಟೆಗಟ್ಟಲೆ ಅರೆದರೇನೇ ಅವು ಸವೆಯೋದು. ಸವೆಯದೆ ಹೋದರೆ ದವಡೆ ಹಲ್ಲಿನ ಅಂಚು ಚೂಪಾಗಿ ನಾಲಿಗೆ, ಕೆನ್ನೆಯ ಒಳಭಾಗವನ್ನು ಕೊರೆಯುತ್ತೆ. ಆಗ ಹಸಿವಿದ್ದರೂ ತಿನ್ನಲಾಗದೆ ಸುಮ್ಮನೆ ಕೂತಿರುತ್ತೆ. ಹೊಟ್ಟೆಯ ಕತೆಯೂ ಅಷ್ಟೇ. ನಾರು ಒಳಗೆ ಹೋಗುತ್ತಾ ಇದ್ದರೆ ಮಾತ್ರ ಅದರ ಕರುಳು ಕೆಲಸ ಮಾಡುತ್ತೆ. ಮೊಲಕ್ಕೆ ವಾಂತಿ ಮಾಡಿಕೊಳ್ಳೋಕೆ ಬರುವುದಿಲ್ಲ. ತಪ್ಪು ತಿಂದರೆ ಹೊರಹಾಕುವ ದಾರಿ ಹಿಂದಿನದೊಂದೇ, ಅದು ಕಟ್ಟಿದರೆ ಪ್ರಾಣಕ್ಕೇ ಬರುತ್ತೆ.

ಊಟದ ಮಾತಿನ ಮಧ್ಯೆ ಹೆದರಿಕೆಯ ಮಾತು ತರೋದೂ ಅದಕ್ಕೇ. ಬೆದರಿದ ಮೊಲ ತಿನ್ನೋದು ಬಿಡುತ್ತೆ, ತಿನ್ನೋದು ಬಿಟ್ಟರೆ ಕರುಳು ನಿಲ್ಲುತ್ತೆ. ಕರುಳು ನಿಂತ ನೋವಿಗೆ ಇನ್ನಷ್ಟು ಮುದುಡಿಕೊಳ್ಳುತ್ತೆ. ಹಾಗಾಗಿ ಅದಕ್ಕೆ ಸರಿಯಾಗಿ ಉಣಿಸೋದು, ಅದರ ದಿಗಿಲು ಕಳೆಯೋದು ನನ್ನ ಲೆಕ್ಕದಲ್ಲಿ ಒಂದೇ ಕೆಲಸ.

ಬೆಂಗಳೂರಲ್ಲಿ ಹುಲ್ಲಿಗೆ ಎಲ್ಲಿ ಹೋಗೋಣ ಅಂತೀರಿ. ಗಾಂಧಿ ಬಜಾರ್‌ನಲ್ಲಿ, ಮಲ್ಲೇಶ್ವರದ 8ನೇ ಕ್ರಾಸ್‌ನಲ್ಲಿ, ಕೆ.ಆರ್. ಮಾರುಕಟ್ಟೆಯಲ್ಲಿ ಹೂವಿನವರ ಹತ್ತಿರ ಗರಿಕೆ ಸಿಗುತ್ತೆ. ಗಣಪತಿಗೆ ಏರಿಸುವ ಆ ಗರಿಕೆಯೇ ಮೊಲಕ್ಕೂ ಒಳ್ಳೆಯ ಮೇವು. ಎರಡು ಮೂರು ನೀರಲ್ಲಿ ತೊಳೆದು, ನೀರು ಬಸಿದು ಹಾಕಿ. ಹೆಚ್ಚು ಸಿಕ್ಕಿದ ದಿನ ನೆರಳಲ್ಲಿ ಹರವಿ ಒಣಗಿಸಿಟ್ಟುಕೊಳ್ಳಿ. ಮಳೆಗಾಲದಲ್ಲಿ ಮಾತ್ರ ಎಚ್ಚರ. ಒದ್ದೆ ಹುಲ್ಲನ್ನು ಪ್ಲಾಸ್ಟಿಕ್ ಕವರಲ್ಲಿ ಕಟ್ಟಿಟ್ಟರೆ ಒಳಗೇ ಬೆಂದು ಬೂಷ್ಟು ಹಿಡಿಯುತ್ತೆ. ಮುಗ್ಗಲು ವಾಸನೆ ಬಂದರೆ ಒಂದು ಎಳೆಯನ್ನೂ ಕೊಡಬೇಡಿ. ಪಾರ್ಕು, ರಸ್ತೆ ಬದಿಯ ಹುಲ್ಲೂ ಬೇಡ. ಔಷಧಿ ಹೊಡೆದಿರುತ್ತಾರೆ, ನಾಯಿಗಳು ಉಚ್ಚೆ ಹೊಯ್ದಿರುತ್ತವೆ. ಅಂಗಡಿಯಲ್ಲಿ ತಿಮೋತಿ ಅಂತ ಮಾರುವ ಒಣಹುಲ್ಲು ಬಹಳ ಒಳ್ಳೇದು, ಬೆಲೆಯೂ ಹಾಗೇ ಇರುತ್ತೆ. ಓಟ್ಸ್ ಹುಲ್ಲು, ರೋಡ್ಸ್ ಹುಲ್ಲು ಸಿಕ್ಕಿದರೆ ಅವೂ ಆಗುತ್ತವೆ. ಭತ್ತದ ಹುಲ್ಲನ್ನು ಹಾಸೋಕೆ ಬಳಸಿ, ಅದರಲ್ಲಿ ಸತ್ವ ಕಡಿಮೆ. ಕುದುರೆ ಮಸಾಲೆ, ಅಂದರೆ ಲೂಸರ್ನ್, ಆರು ತಿಂಗಳೊಳಗಿನ ಮರಿಗೆ ಸರಿ. ದೊಡ್ಡದಾದ ಮೇಲೆ ಅದನ್ನೇ ಹಾಕ್ತಾ ಹೋದರೆ ಕ್ಯಾಲ್ಸಿಯಂ ಹೆಚ್ಚಾಗಿ ಉಚ್ಚೆಯಲ್ಲಿ ಮರಳು ಕಟ್ಟುತ್ತೆ.

ಹುಲ್ಲಿನ ಜೊತೆಗೆ ಬೆಳಿಗ್ಗೆ ಒಂದು ಹಿಡಿ, ಸಂಜೆ ಒಂದು ಹಿಡಿ ಸೊಪ್ಪು. ಕೊತ್ತಂಬರಿ, ಪುದೀನ, ಸಬ್ಬಸಿಗೆ, ಮೂಲಂಗಿ ಸೊಪ್ಪು, ಕಾಮಕಸ್ತೂರಿ, ಸ್ವಲ್ಪ ಮೆಂತ್ಯ. ದಿನಾ ಒಂದನ್ನೇ ಹಾಕದೆ ಬದಲಾಯಿಸುತ್ತಾ ಇರಿ. ಪಾಲಕ್, ದಂಟು ಅಪರೂಪಕ್ಕೆ ಮಾತ್ರ, ಅತಿಯಾದರೆ ಕೆಡುಕು ಮಾಡುವ ಆಕ್ಸಲೇಟ್ ಅನ್ನುವ ಅಂಶ ಅವುಗಳಲ್ಲಿ ಹೆಚ್ಚು. ಎಲೆಕೋಸು, ಹೂಕೋಸು ಹೊಟ್ಟೆ ಉಬ್ಬಿಸುತ್ತವೆ. ಹೊಸ ಸೊಪ್ಪು ಯಾವುದೇ ಆಗಲಿ, ಮೊದಲ ದಿನ ಎರಡು ಎಲೆ ಕೊಟ್ಟು ಹಿಕ್ಕೆ ನೋಡಿ. ಹಿಕ್ಕೆ ಗುಂಡಗೆ, ಒಣಗಿ, ಒಂದೇ ಗಾತ್ರದಲ್ಲಿದ್ದರೆ ಮುಂದುವರಿಸಿ, ಮೆತ್ತಗಾದರೆ ನಿಲ್ಲಿಸಿ. ಪೆಲೆಟ್, ಅಂದರೆ ಅಂಗಡಿಯಲ್ಲಿ ಸಿಗುವ ಗುಳಿಗೆಯಂಥ ಮೇವು, ದೊಡ್ಡ ಮೊಲಕ್ಕೆ ಒಂದು ಕೆ.ಜಿ. ತೂಕಕ್ಕೆ ದಿನಕ್ಕೆ 25 ಗ್ರಾಂ ಮೀರಬಾರದು. ಬಣ್ಣಬಣ್ಣದ ಕಾಳು ಬೆರೆಸಿದ ಪೊಟ್ಟಣ ಮಾತ್ರ ತರಬೇಡಿ, ಸಿಹಿಯಾದದ್ದನ್ನು ಆರಿಸಿ ತಿಂದು ಉಳಿದದ್ದು ಬಿಡುತ್ತೆ.

ಮನೆಯ ಹಿರಿಯರಿಗೆ ಒಂದು ಮಾತು ಹೇಳಲೇಬೇಕು, ನಾನೂ ಹಿರಿಯಳೇ ಆದ್ದರಿಂದ ಬೇಜಾರು ಮಾಡಿಕೊಳ್ಳಬೇಡಿ. ಪ್ರೀತಿಗೆ ಅಂತ ಅನ್ನ, ಚಪಾತಿ, ಬಿಸ್ಕತ್ತು, ಕಡ್ಲೆಪುರಿ, ಕಡಲೆಬೀಜ, ಹಾಲು ಕೊಡಬೇಡಿ. ಮೊಲ ಆಸೆಯಿಂದಲೇ ತಿನ್ನುತ್ತೆ, ತೊಂದರೆ ಗೊತ್ತಾಗೋದು ರಾತ್ರಿ. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ, ಬೆಣ್ಣೆಹಣ್ಣು, ಚಾಕೊಲೇಟ್ ಅದರ ಹತ್ತಿರವೂ ಸುಳಿಯಬಾರದು. ನೀರನ್ನು ಮಗುಚಿಕೊಳ್ಳದ ಭಾರದ ಬಟ್ಟಲಲ್ಲಿ ಇಡಿ, ದಿನಕ್ಕೆ ಎರಡು ಸಲ ಬದಲಿಸಿ.

ಮೊಲ ಬಗ್ಗಿ ತನ್ನದೇ ಮೆತ್ತಗಿನ ಹಿಕ್ಕೆಯನ್ನು ತಿನ್ನುವುದನ್ನು ಕಂಡು ಕೆಲವರು ಗದರುತ್ತಾರೆ. ದಯವಿಟ್ಟು ಗದರಬೇಡಿ. ಅದು ಮಾಮೂಲಿ ಹಿಕ್ಕೆ ಅಲ್ಲ, ಗೊಂಚಲಾಗಿ ಹೊಳೆಯುತ್ತಾ ಬರುತ್ತೆ. ಅದರಲ್ಲಿರುವ ಬಿ ವಿಟಮಿನ್, ಪ್ರೋಟೀನು ಎರಡನೇ ಸಲ ತಿಂದಾಗಲೇ ಮೈಗೆ ಹತ್ತೋದು. ಆ ಗೊಂಚಲು ತಿನ್ನದೆ ನೆಲದಲ್ಲೇ ಬಿದ್ದಿದ್ದರೆ ಪೆಲೆಟ್ಟು, ಸಿಹಿ ಹೆಚ್ಚಾಗಿ ಹುಲ್ಲು ಕಡಿಮೆಯಾಗಿದೆ ಅಂತ ಅರ್ಥ. ಇಲ್ಲವೇ ಮೊಲ ದಪ್ಪಗಾಗಿ ಬಗ್ಗೋಕೆ ಆಗ್ತಿಲ್ಲ.

ಈಗ ಹೆದರಿಕೆ. ಮೊಲದ ಕಣ್ಣು ತಲೆಯ ಎರಡು ಪಕ್ಕದಲ್ಲಿವೆ. ಹಿಂದೆ, ಮೇಲೆ, ಸುತ್ತಲೂ ಕಾಣುತ್ತೆ, ಮೂಗಿನ ಮುಂದಿನ ಒಂದಿಷ್ಟು ಜಾಗ ಮಾತ್ರ ಕಾಣೋದಿಲ್ಲ. ನಾವು ಪ್ರೀತಿಯಿಂದ ಕೈ ಚಾಚೋದು ಸರಿಯಾಗಿ ಅಲ್ಲಿಗೇ, ಅದೂ ಮೇಲಿನಿಂದ. ಮೇಲಿನಿಂದ ಬರೋದು ಹದ್ದು ಅಂತ ಅದರ ರಕ್ತದಲ್ಲೇ ಇದೆ. ಅದಕ್ಕೇ ಹೊಸ ಮೊಲ ಬಂದ ಮೊದಲ ಕೆಲವು ದಿನ ಮುಟ್ಟೋಕೇ ಹೋಗಬೇಡಿ. ನೆಲದ ಮೇಲೆ ಕೂರಿ, ಅದರ ಕಡೆ ನೇರ ನೋಡದೆ ಪಕ್ಕಕ್ಕೆ ತಿರುಗಿ ಕೂರಿ. ಪೇಪರ್ ಓದಿ, ಸೊಪ್ಪು ಬಿಡಿಸಿ, ನಿಮ್ಮ ಪಾಡಿಗೆ ನೀವಿರಿ. ನಿಮ್ಮ ಸುತ್ತ ನಾಲ್ಕು ಎಳೆ ಕೊತ್ತಂಬರಿ ಹರಡಿ. ಬೆಳಗಿನ ಜಾವ, ಮುಸ್ಸಂಜೆ ಅದು ಚುರುಕಾಗಿರುವ ಹೊತ್ತು, ಆಗ ಕೂತರೆ ಬೇಗ ಹತ್ತಿರ ಬರುತ್ತೆ. ಬಂದು ಮೂಸುತ್ತೆ, ಓಡುತ್ತೆ, ಮತ್ತೆ ಬರುತ್ತೆ. ಒಂದು ದಿನ ನಿಮ್ಮ ಮಂಡಿಗೆ ಗಲ್ಲ ಉಜ್ಜುತ್ತೆ. ಗಲ್ಲದ ಕೆಳಗೆ ವಾಸನೆಯ ಗ್ರಂಥಿ ಇರುತ್ತೆ, ಇದು ನನ್ನದು ಅಂತ ಗುರುತು ಹಾಕೋದು ಹಾಗೆ. ಆಮೇಲೆ ಪಕ್ಕದಿಂದ ನಿಧಾನವಾಗಿ ಕೈ ತಂದು ಹಣೆ ಸವರಿ. ಹೊಟ್ಟೆ, ಪಾದ ಮುಟ್ಟಬೇಡಿ. ಸೊಪ್ಪು ಹಾಕುವಾಗ ದಿನಾ ಅದೇ ಮಾತು ಹೇಳಿ, "ಬಾ ಪುಟ್ಟ" ಅಂತಲೋ ಇನ್ನೇನೋ. ದನಿ ಗುರುತು ಹತ್ತುತ್ತೆ.

ಕಿವಿ ಹಿಡಿದು ಎತ್ತೋದನ್ನು ಎಲ್ಲಿ ಕಂಡರೂ ತಡೆಯಿರಿ, ಅದು ಹಿಂಸೆ. ಮೊಲದ ಮೂಳೆ ಹಗುರ, ಹಿಂಗಾಲು ಬಲ. ಗಾಬರಿಯಲ್ಲಿ ಒದ್ದರೆ ಅದರ ಬೆನ್ನುಮೂಳೆ ತಾನೇ ಮುರಿಯಬಹುದು. ಎತ್ತಲೇಬೇಕಾದರೆ ಒಂದು ಕೈ ಎದೆಯ ಕೆಳಗೆ, ಇನ್ನೊಂದು ಕೈ ಹಿಂಭಾಗದ ಕೆಳಗೆ ಕೊಟ್ಟು ನಿಮ್ಮ ಎದೆಗೆ ಅವಚಿಕೊಳ್ಳಿ. ಚಿಕ್ಕ ಮಕ್ಕಳು ಎತ್ತೋದು ಬೇಡ, ನೆಲದಲ್ಲಿ ಕೂತೇ ಆಡಲಿ. ಅಂಗಾತ ಮಲಗಿಸಿದರೆ ಅಲುಗಾಡದೆ ಇರುತ್ತೆ, ನೋಡಿದವರು ನಿದ್ದೆ ಅಂದುಕೊಂಡು ವಿಡಿಯೊ ಮಾಡ್ತಾರೆ. ಅದು ಸಾವು ಬಂತು ಅನ್ನುವ ಭಯಕ್ಕೆ ಮರಗಟ್ಟಿರೋದು.

ಒಂದು ರಟ್ಟಿನ ಪೆಟ್ಟಿಗೆಗೆ ಎರಡು ಬಾಗಿಲು ಕೊರೆದು ಇಡಿ. ಒಂದೇ ಬಾಗಿಲಿದ್ದರೆ ಸಿಕ್ಕಿಬಿದ್ದೆ ಅನಿಸುತ್ತೆ. ಅದರೊಳಗೆ ಹೋದ ಮೊಲವನ್ನು ಯಾರೂ ಎಳೆದು ತೆಗೆಯಬಾರದು, ಇದು ಮನೆಯಲ್ಲಿ ಎಲ್ಲರಿಗೂ ಅನ್ವಯಿಸುವ ನಿಯಮ. ಕುಕ್ಕರ್ ವಿಷಲ್, ಮಿಕ್ಸಿ ಸದ್ದು ಇರುವ ಅಡುಗೆಮನೆ ಪಕ್ಕ ಬೇಡ. ಬೆಕ್ಕು ಬರುವ, ಬಿಸಿಲು ಬಡಿಯುವ ಬಾಲ್ಕನಿಯೂ ಬೇಡ. ತಂತಿ ತಳದ ಗೂಡಲ್ಲಿ ಪಾದ ಹುಣ್ಣಾಗುತ್ತೆ, ಚಾಪೆ ಹಾಸಿ. ಉಚ್ಚೆ ಹೊಯ್ಯುವ ಟ್ರೇಯ ಪಕ್ಕದಲ್ಲೇ ಹುಲ್ಲಿಡಿ, ತಿನ್ನುತ್ತಲೇ ಹಿಕ್ಕೆ ಹಾಕುವ ಜೀವ ಅದು, ಜಾಗ ಬೇಗ ಕಲಿಯುತ್ತೆ. ಹಿಂಗಾಲಲ್ಲಿ ನೆಲಕ್ಕೆ ದಬ್ಬೆಂದು ಬಡಿದರೆ ಏನೋ ಅಪಾಯ ಕಂಡಿದೆ ಅಂತ. ಬೈಯದೆ ಸುತ್ತ ನೋಡಿ.

ಗಣೇಶನ ಮೆರವಣಿಗೆಯ ತಮಟೆ, ದೀಪಾವಳಿಯ ಪಟಾಕಿ ಇವೆರಡೇ ನಮ್ಮೂರಲ್ಲಿ ಮೊಲಕ್ಕೆ ದೊಡ್ಡ ಪರೀಕ್ಷೆ. ಸಂಜೆಯಾಗುವ ಮುಂಚೆಯೇ ಒಳಗಿನ ಕೋಣೆಗೆ ಪೆಟ್ಟಿಗೆ ಸಾಗಿಸಿ, ಕಿಟಕಿ ಮುಚ್ಚಿ ಪರದೆ ಎಳೆಯಿರಿ. ಗಾಳಿಯಾಡುವಂತೆ ಪೆಟ್ಟಿಗೆಯ ಮೇಲೊಂದು ಕಂಬಳಿ ಹೊದಿಸಿ. ಹುಲ್ಲು ಎಂದಿಗಿಂತ ಹೆಚ್ಚು ಹಾಕಿ, ನೀವೂ ಸ್ವಲ್ಪ ಹೊತ್ತು ಪಕ್ಕದಲ್ಲಿ ಕೂರಿ. ಬೆಳಿಗ್ಗೆ ಎದ್ದ ತಕ್ಷಣ ಹಿಕ್ಕೆ ಬಿದ್ದಿದೆಯಾ ನೋಡಿ. ಏಪ್ರಿಲ್, ಮೇ ಬಿಸಿಲಲ್ಲಿ 30 ಡಿಗ್ರಿ ದಾಟಿದರೆ ಮೊಲ ಬೇಯುತ್ತೆ, ಅದು ಬೆವರೋದಿಲ್ಲ, ಕಿವಿಯಿಂದಲೇ ಶಾಖ ಬಿಡಬೇಕು. ಬಾಟಲಿಯಲ್ಲಿ ನೀರು ಹೆಪ್ಪುಗಟ್ಟಿಸಿ ಬಟ್ಟೆ ಸುತ್ತಿ ಪಕ್ಕದಲ್ಲಿಡಿ, ಒದ್ದೆ ಕೈಯಲ್ಲಿ ಕಿವಿ ಸವರಿ. ಸ್ನಾನ ಮಾತ್ರ ಬೇಡ. ನೀರಿಗೆ ಅದ್ದಿದ ಗಾಬರಿಗೇ ಜೀವ ಬಿಟ್ಟ ಮೊಲಗಳಿವೆ.

ಒಂಟಿ ಮೊಲಕ್ಕಿಂತ ಜೋಡಿ ಧೈರ್ಯವಾಗಿರುತ್ತೆ. ಆದರೆ ಗಂಡು ಹೆಣ್ಣು ಎರಡಕ್ಕೂ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸದೆ ಒಟ್ಟಿಗೆ ಬಿಡಬೇಡಿ. ಬಸಿರು ಸುಮಾರು 31 ದಿನ, ಹೆತ್ತ ದಿನವೇ ಮತ್ತೆ ಬಸಿರಾಗಬಹುದು.

ಹನ್ನೆರಡು ಗಂಟೆ ಏನೂ ತಿನ್ನದಿದ್ದರೆ, ಹಿಕ್ಕೆ ಹಾಕದಿದ್ದರೆ, ಮುದುಡಿ ಕೂತು ಹಲ್ಲು ಕಟಕಟ ಕಡಿಯುತ್ತಿದ್ದರೆ ನಾಳೆ ನೋಡೋಣ ಅನ್ನಬೇಡಿ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗಾಗಲಿ, ಮೊಲ ನೋಡಿ ಅಭ್ಯಾಸವಿರುವ ಬೇರೆ ವೈದ್ಯರ ಹತ್ತಿರವಾಗಲಿ ಕರೆದೊಯ್ಯಿರಿ. ಅಂಥವರ ನಂಬರ್ ಮೊಲ ಚೆನ್ನಾಗಿರುವಾಗಲೇ ಬರೆದಿಟ್ಟುಕೊಂಡಿರಿ. ಮನೆಯಲ್ಲಿರುವ ಮಾತ್ರೆ ಕೊಡಬೇಡಿ. ಅಮಾಕ್ಸಿಸಿಲಿನ್ ಅನ್ನುವ ಆಂಟಿಬಯೋಟಿಕ್ ಬಾಯಿಗೆ ಕೊಟ್ಟರೆ ಅದರ ಕರುಳಿನ ಒಳ್ಳೆಯ ಸೂಕ್ಷ್ಮಜೀವಿಗಳೆಲ್ಲ ಸತ್ತು ಮೊಲವೂ ಸಾಯಬಹುದು. ನಾಯಿಗೆ ಉಣ್ಣೆ ಹುಳ ಹೋಗಲೆಂದು ಹಾಕುವ ಫಿಪ್ರೊನಿಲ್ ಹನಿಯೂ ಮೊಲಕ್ಕೆ ವಿಷ. ಆಟೋದಲ್ಲಿ ಹೋಗುವಾಗ ಅದರದೇ ಹಾಸು, ಅದರದೇ ಹುಲ್ಲು ಹಾಕಿದ ಪೆಟ್ಟಿಗೆಯಲ್ಲಿ ಕೂರಿಸಿ. ಜೋಡಿ ಇದ್ದರೆ ಇನ್ನೊಂದನ್ನೂ ಜೊತೆಗೇ ಕರೆದುಕೊಂಡು ಹೋಗಿ. ಒಂದೇ ಹೋಗಿ ಆಸ್ಪತ್ರೆಯ ವಾಸನೆ ಹೊತ್ತು ಬಂದರೆ ಮನೆಯಲ್ಲಿದ್ದದ್ದು ಅದನ್ನು ಗುರುತಿಸದೆ ಕಚ್ಚೋಕೆ ಬರುತ್ತೆ.