ಎಂಟು ಅಂಗುಲದ ದರ್ಪಣದಲ್ಲಿ 2023 ಬಿಯು

ನಗರದ ಬೆಳಕಿನ ನಡುವೆ ಎಂಟು ಅಂಗುಲದ ದರ್ಪಣವಿರುವ ದೂರದರ್ಶಕ ಇಟ್ಟುಕೊಂಡು 2023 ಬಿಯು ಎಂಬ ಕ್ಷುದ್ರಗ್ರಹದ, ಅಂದರೆ ನಾಲ್ಕಾರು ಮೀಟರ್ ಗಾತ್ರದ ಕಲ್ಲಿನ ಕಕ್ಷೆ ಅಳೆಯಲು ಹೊರಟಾಗ ನಕ್ಕವರಲ್ಲಿ ನನಗಿಂತ ಅನುಭವಸ್ಥರೂ ಇದ್ದರು. ಕನಿಷ್ಠ ಹದಿನಾಲ್ಕು ಅಂಗುಲ ಬೇಕು, ಕತ್ತಲ ಆಕಾಶ ಬೇಕು ಎಂಬುದು ಅವರ ವಾದ. ದರ್ಪಣ ಈಗಲೂ ಎಂಟೇ ಅಂಗುಲ, ಆಕಾಶವೂ ಅದೇ. ಅಳತೆ ಮಾತ್ರ ಕೂಡಿಬಂದಿದೆ.

2023ರ ಜನವರಿ 21ರಂದು ಈ ಕಲ್ಲನ್ನು ಪತ್ತೆಹಚ್ಚಿದವರು ಹವ್ಯಾಸಿ ಖಗೋಳವೀಕ್ಷಕ ಗೆನ್ನಾಡಿ ಬೊರಿಸೊವ್. 2019ರಲ್ಲಿ ಸೌರಮಂಡಲದ ಆಚೆಯಿಂದ ಬಂದ ಅಂತರತಾರಾ ಧೂಮಕೇತುವನ್ನು ಕಂಡ ಅದೇ ಬೊರಿಸೊವ್. ಆರು ದಿನ ಕಳೆಯುವಷ್ಟರಲ್ಲಿ ಅದು ದಕ್ಷಿಣ ಅಮೆರಿಕದ ತುದಿಯ ಮೇಲೆ ಸುಮಾರು 3,600 ಕಿ.ಮೀ. ಎತ್ತರದಲ್ಲಿ ಹಾದುಹೋಯಿತು. ಭೂಸ್ಥಿರ ಉಪಗ್ರಹಗಳಿರುವುದು 36,000 ಕಿ.ಮೀ. ಎತ್ತರದಲ್ಲಿ ಎಂಬುದನ್ನು ನೆನೆದರೆ ಎಷ್ಟು ಹತ್ತಿರ ಎಂಬುದು ತಿಳಿಯುತ್ತದೆ.

ನೇರವಾಗಿ ನಮ್ಮ ಕಡೆಗೇ ಬರುವ ಕಲ್ಲು ಕೊನೆಯ ದಿನದವರೆಗೂ ಆಕಾಶದಲ್ಲಿ ಹೆಚ್ಚು ಅಲುಗುವುದಿಲ್ಲ. ಹಾದುಹೋಗುವ ಹಿಂದಿನ ರಾತ್ರಿ ಅದರ ವೇಗ ನಿಮಿಷಕ್ಕೆ ಆರೇಳು ಆರ್ಕ್‌ಸೆಕೆಂಡ್ (ಒಂದು ಆರ್ಕ್‌ಸೆಕೆಂಡ್ ಎಂದರೆ ಡಿಗ್ರಿಯ 3,600ನೇ ಒಂದು ಭಾಗ) ಇದ್ದ ನೆನಪು, ಹೊಳಪೂ ತೀರ ಕಡಿಮೆ. ನನ್ನ ಹತ್ತು ಸೆಕೆಂಡಿನ ಒಂದು ಫ್ರೇಮಿನಲ್ಲಿ, ಅಂದರೆ ಒಂದು ಚಿತ್ರದಲ್ಲಿ, ಕಾಂತಿಮಾನ 16.5ಕ್ಕಿಂತ ಮಸುಕಾದದ್ದು ಕಾಣುವುದಿಲ್ಲ (ಕಾಂತಿಮಾನ ಹೊಳಪಿನ ಅಳತೆ, ಅಂಕಿ ಹೆಚ್ಚಿದಷ್ಟೂ ಮಸುಕು). ಹಾಗಾಗಿ ಚಲನೆಗೆ ತಕ್ಕಂತೆ ಫ್ರೇಮುಗಳನ್ನು ಸರಿಸಿ ಪೇರಿಸುವುದೊಂದೇ ದಾರಿ. ನೂರು ಫ್ರೇಮ್ ಸೇರಿದರೆ ಎರಡೂವರೆ ಕಾಂತಿಮಾನ ಲಾಭ. ಇದು ಎಲ್ಲರಿಗೂ ಗೊತ್ತು. ಎಲ್ಲರೂ ಸೋಲುವುದೂ ಇಲ್ಲೇ.

ಹಿಂದೆ ಇಂಥದೇ ಸಮೀಪದ ಕಲ್ಲುಗಳ ಮೇಲೆ ನಲವತ್ತು ನಿಮಿಷದ ಫ್ರೇಮುಗಳನ್ನು ಪೇರಿಸಿದಾಗಲೆಲ್ಲ ಚುಕ್ಕಿಯ ಬದಲು ಹುಳುವಿನಂಥ ಗೀರು ಬರುತ್ತಿತ್ತು. ದೂರದರ್ಶಕವನ್ನು ಹೊತ್ತು ತಿರುಗಿಸುವ ಮೌಂಟ್ ಸರಿಯಿಲ್ಲ ಎಂದರು ಕೆಲವರು. ಅದನ್ನು ನಂಬಿ ದೂರದರ್ಶಕದ ಎರಡರಷ್ಟು ಬೆಲೆಯ ಮೌಂಟ್ ತಂದೆ, ನಕ್ಷತ್ರವೊಂದನ್ನು ನೋಡುತ್ತ ಮೌಂಟಿನ ಚಲನೆ ತಿದ್ದುವ ಗೈಡಿಂಗ್ ಕ್ಯಾಮೆರಾ ತಂದೆ. ಗೀರು ಹಾಗೆಯೇ ಉಳಿಯಿತು. ಹತ್ತು ಸೆಕೆಂಡಿನ ಫ್ರೇಮಿಗೆ ಗೈಡಿಂಗ್ ಬೇಕಾಗಿಯೇ ಇರಲಿಲ್ಲ. ಆ ಕ್ಯಾಮೆರಾ ಅರ್ಧ ಬೆಲೆಗೆ ಹೋಯಿತು. ತೊಂದರೆ ಇದ್ದದ್ದು ಭೂಮಿಯ ತಿರುಗುವಿಕೆಯಲ್ಲಿ. ಕಲ್ಲು ಒಂಬತ್ತು ಲಕ್ಷ ಕಿ.ಮೀ. ದೂರದಲ್ಲಿದ್ದರೆ, ನಾವು ಭೂಮಿಯ ಜೊತೆ ಸುತ್ತುವುದರಿಂದಲೇ ಅದರ ದಾರಿ ಬಾಗುತ್ತದೆ. ನಲವತ್ತು ನಿಮಿಷದಲ್ಲಿ ಆ ಬಾಗು ನಾಲ್ಕೈದು ಆರ್ಕ್‌ಸೆಕೆಂಡ್, ಅಂದರೆ ನನ್ನ ಎರಡು-ಮೂರು ಪಿಕ್ಸೆಲ್. ಸರಳರೇಖೆಯಲ್ಲಿ ಪೇರಿಸಿದರೆ ಚುಕ್ಕಿ ಎಲ್ಲಿಂದ ಬರಬೇಕು? ಹದಿನೈದು ನಿಮಿಷಕ್ಕೆ ನಿಲ್ಲಿಸಿದರೆ ಚುಕ್ಕಿ ಬರುತ್ತದೆ, ಮಸುಕಾಗಿ. ಬಾಗನ್ನೂ ಸೇರಿಸಿ ಪೇರಿಸಿದರೆ ನಲವತ್ತು ನಿಮಿಷವೂ ದಕ್ಕುತ್ತದೆ. ಆ ಬಾಗನ್ನು ನಾನು ಯಾವ ಕ್ರಮದಲ್ಲಿ ಹುಡುಕುತ್ತೇನೆ ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಕಲ್ಲು ಯಾವ ಹೊತ್ತಿಗೆ ಎಲ್ಲಿರುತ್ತದೆ ಎಂದು ಹೇಳುವ ಸ್ಥಾನಸೂಚಿಯನ್ನು ನಿಮ್ಮ ಸ್ಥಳಕ್ಕೇ ಲೆಕ್ಕ ಹಾಕಿಸಿ, ಭೂಕೇಂದ್ರಕ್ಕಲ್ಲ. ಅರ್ಧ ಕೆಲಸ ಅಲ್ಲೇ ಮುಗಿಯುತ್ತದೆ.

ಇನ್ನು ಗಡಿಯಾರ. ಕೊನೆಯ ಸಂಜೆ ಕಲ್ಲು ಸೆಕೆಂಡಿಗೆ ಅರ್ಧ ಆರ್ಕ್‌ಸೆಕೆಂಡ್ ಓಡುತ್ತಿತ್ತು. ಕಂಪ್ಯೂಟರಿನ ಗಡಿಯಾರವೋ ರಾತ್ರಿ ಬೆಳಗಾಗುವುದರೊಳಗೆ ಒಂದೆರಡು ಸೆಕೆಂಡ್ ಜಾರುತ್ತದೆ. ಅದನ್ನು ಅಂತರಜಾಲದಿಂದ ಸರಿಪಡಿಸಿದರೂ ನನ್ನ ಕ್ಯಾಮೆರಾದ ತಂತ್ರಾಂಶ ಬರೆಯುವುದು ಫೈಲ್ ಉಳಿಸಿದ ಹೊತ್ತನ್ನು, ಷಟರ್ ತೆರೆದ ಹೊತ್ತನ್ನಲ್ಲ. ಇದನ್ನು ಹಿಡಿಯಲು ನಾನು ಜಿಪಿಎಸ್‌ನಂಥ ಸಂಚರಣೆ ಉಪಗ್ರಹಗಳ ಚಿತ್ರ ತೆಗೆದೆ. ಅವುಗಳ ಸ್ಥಾನ ಮೀಟರಿನ ನಿಖರತೆಯಲ್ಲಿ ಗೊತ್ತಿರುತ್ತದೆ, ಸೆಕೆಂಡಿಗೆ ಸುಮಾರು ನಲವತ್ತು ಆರ್ಕ್‌ಸೆಕೆಂಡ್ ಸಾಗುತ್ತವೆ. ಗಡಿಯಾರ ಹತ್ತನೇ ಒಂದು ಸೆಕೆಂಡ್ ತಪ್ಪಿದ್ದರೆ ನಾಲ್ಕು ಆರ್ಕ್‌ಸೆಕೆಂಡ್ ಆಚೆ ಬೀಳುತ್ತವೆ. ನನ್ನವು ಹದಿನೈದು ಆರ್ಕ್‌ಸೆಕೆಂಡಿನಷ್ಟು ಆಚೆ ಇದ್ದವು. ಸೆಕೆಂಡಿಗೊಂದು ಮಿಡಿತ ಕೊಡುವ ಜಿಪಿಎಸ್ ಗ್ರಾಹಕ ಹಾಕಿದ ಮೇಲೆ ಒಂದರ ಒಳಗೆ ಬಂದವು. ಆ ಗ್ರಾಹಕದ ಬೆಲೆ ಮೌಂಟಿನ ಐವತ್ತನೇ ಒಂದು ಭಾಗವೂ ಅಲ್ಲ. ಚಿತ್ರವನ್ನು ಒಮ್ಮೆಲೇ ಅಲ್ಲದೆ ಸಾಲು ಸಾಲಾಗಿ ದಾಖಲಿಸುವ ರೋಲಿಂಗ್ ಷಟರ್ ಇದ್ದವರು ಸಾಲಿಗೊಂದು ತಿದ್ದುಪಡಿ ಹಾಕಬೇಕು. ಆ ಅಂಕಿ ಕ್ಯಾಮೆರಾದಿಂದ ಕ್ಯಾಮೆರಾಕ್ಕೆ ಬೇರೆ, ನನ್ನದು ನಿಮಗೆ ಉಪಯೋಗಕ್ಕೆ ಬಾರದು.

ಎರಡು ರಾತ್ರಿಯ ಅಳತೆಗಳನ್ನು ಗಾಯಾ ಉಪಗ್ರಹದ ಪಟ್ಟಿಯಲ್ಲಿರುವ ನಕ್ಷತ್ರಗಳಿಗೆ ಹೊಂದಿಸಿ ಕಕ್ಷೆ ಲೆಕ್ಕ ಹಾಕುವ ತಂತ್ರಾಂಶ ಫೈಂಡ್‌ಆರ್ಬ್‌ಗೆ ಕೊಟ್ಟಾಗ ಉಳಿಕೆಗಳು, ಅಂದರೆ ಅಳತೆಗೂ ಲೆಕ್ಕಕ್ಕೂ ಇರುವ ವ್ಯತ್ಯಾಸಗಳು, ಅರ್ಧ ಆರ್ಕ್‌ಸೆಕೆಂಡಿನ ಸುತ್ತ ಬಂದವು. ಮೊದಲ ರಾತ್ರಿಯದಷ್ಟನ್ನೇ ಕೊಟ್ಟರೆ ಹತ್ತಾರು ಕಕ್ಷೆಗಳು ಹೊಂದುತ್ತಿದ್ದವು; ಎರಡನೆಯದು ಸೇರಿದ ಕೂಡಲೇ ಒಂದಕ್ಕೆ ಇಳಿಯಿತು. ಆದರೆ ಕಕ್ಷೆಯ ಕಾಲಬಿಂದುವನ್ನು (ಕಕ್ಷೆಯ ಅಂಕಿಗಳು ಯಾವ ಹೊತ್ತಿನವು ಎಂಬುದನ್ನು) ಕಲ್ಲು ಭೂಮಿಯನ್ನು ಸಮೀಪಿಸಿದ ದಿನಕ್ಕೇ ಇಟ್ಟುಕೊಂಡು ಸೂರ್ಯಕೇಂದ್ರಿತ ಅಂಕಿಗಳನ್ನು ನೋಡಿದರೆ ಭೂಮಿಯ ಎಳೆತದಲ್ಲಿ ಅವು ಅರ್ಥ ಕಳೆದುಕೊಂಡಿರುತ್ತವೆ. ಕೆಲವು ವಾರ ಹಿಂದಕ್ಕೆ ಸರಿಸಿದಾಗ ಸುತ್ತುವ ಅವಧಿ 360 ದಿನದ ಹತ್ತಿರ ಬಂತು, ಮುಂದಕ್ಕೆ ಸರಿಸಿದಾಗ 420ರ ಮೇಲೆ. ಪ್ರಕಟವಾದ ಅಂಕಿ 359 ಮತ್ತು 425. ಎಂಟು ಅಂಗುಲಕ್ಕೆ ಇದು ಸಾಲದು ಎನ್ನುವವರು ತಮ್ಮ ಹದಿನಾಲ್ಕು ಅಂಗುಲದ ಉಳಿಕೆಗಳನ್ನೂ ತೋರಿಸಲಿ.

ನಡುವೆ ಇನ್ನೊಂದು ಆಟ ಆಡಿದೆ. ಕಕ್ಷೆಯ ತಂತ್ರಾಂಶವನ್ನು ಬದಿಗಿಟ್ಟು, ಎರಡು ಗಂಟೆಯ ಬಾಗಿನಿಂದಷ್ಟೇ ದೂರ ಲೆಕ್ಕ ಹಾಕಿದೆ. ನಿಜವಾದ ದೂರಕ್ಕೆ ಶೇಕಡಾ ಮೂರು-ನಾಲ್ಕರಷ್ಟು ವ್ಯತ್ಯಾಸ ಬಂತು. ಕೊನೆಯ ಸಂಜೆಯ ಫ್ರೇಮುಗಳಿಂದ ಕಲ್ಲು ತನ್ನ ಸುತ್ತ ತಿರುಗುವ ಅವಧಿಯನ್ನು ತೆಗೆಯಲು ಹೋದದ್ದು ಮಾತ್ರ ಕೈಗೂಡಲಿಲ್ಲ. ಬೆಳಕು ಏರಿಳಿಯುತ್ತಿತ್ತು, ಆದರೆ ಅದರಲ್ಲಿ ಕಲ್ಲಿನದೆಷ್ಟು, ನಮ್ಮ ಗಾಳಿಯದೆಷ್ಟು ಎಂದು ಬೇರ್ಪಡಿಸುವಷ್ಟು ಬೆಳಕನ್ನು ಎಂಟು ಅಂಗುಲ ಕೂಡಿಸುವುದಿಲ್ಲ. ಆ ಕೆಲಸಕ್ಕೆ ದೊಡ್ಡ ದರ್ಪಣವೇ ಬೇಕು.