ಆಸ್ಕರ್ ನಾಮನಿರ್ದೇಶನ ಊಹಿಸುವುದು ಹೇಗೆ: ಬಳ್ಳಾರಿ, ರಾಯಚೂರು, ಕೊಪ್ಪಳದ ಸಿನಿಮಾಪ್ರಿಯರಿಗೆ

2023ರ ಜನವರಿಯಲ್ಲಿ ‘ಕಾಂತಾರ’, ‘ವಿಕ್ರಾಂತ್ ರೋಣ’ ಎರಡೂ ಆಸ್ಕರ್ ರೇಸಿನಲ್ಲಿವೆ ಎಂದು ಸುದ್ದಿ ಬಂದಾಗ ಎಷ್ಟೋ ಜನ ಇನ್ನೇನು ನಾಮನಿರ್ದೇಶನ ಸಿಕ್ಕೇಬಿಟ್ಟಿತು ಎಂದುಕೊಂಡರು. ಅವು ಇದ್ದದ್ದು ಅರ್ಹತಾ ಪಟ್ಟಿಯಲ್ಲಿ. ಆ ಸಲ ಅದರಲ್ಲಿ 301 ಚಿತ್ರಗಳಿದ್ದವು. ಹೇಳಿದ ಊರಿನ ಚಿತ್ರಮಂದಿರದಲ್ಲಿ ಹೇಳಿದಷ್ಟು ದಿನ ಓಡಿ, ಅರ್ಜಿ ಸರಿಯಾಗಿ ತುಂಬಿದ್ದರೆ ಹೆಸರು ಅಲ್ಲಿಗೆ ಬರುತ್ತದೆ. ಚಿತ್ರವನ್ನು ಯಾರೂ ಮೆಚ್ಚಿರಬೇಕೆಂದೇನಿಲ್ಲ.

ಹಾಗಾಗಿ ಊಹಿಸಲು ಕೂರುವವರು ಮೂರು ಪಟ್ಟಿಗಳನ್ನು ಬೇರೆ ಬೇರೆ ಇಟ್ಟುಕೊಳ್ಳಬೇಕು: ಅರ್ಹತಾ ಪಟ್ಟಿ, ಅದರಿಂದ ಸದಸ್ಯರು ಆಯ್ದ ಶಾರ್ಟ್‌ಲಿಸ್ಟ್, ಕೊನೆಗೆ ಬರುವ ನಾಮನಿರ್ದೇಶನದ ಪಟ್ಟಿ. ಅರ್ಹತಾ ಪಟ್ಟಿಗೆ ಹೆಚ್ಚು ಬೆಲೆಯಿಲ್ಲ. ಡಿಸೆಂಬರ್‌ನಲ್ಲಿ ಬರುವ ಶಾರ್ಟ್‌ಲಿಸ್ಟ್‌ಗೆ ಬೆಲೆ ಇದೆ: ಅಂತರರಾಷ್ಟ್ರೀಯ ಚಿತ್ರಕ್ಕೆ 15, ಹಾಡಿಗೆ 15, ಸಾಕ್ಷ್ಯಚಿತ್ರಕ್ಕೆ 15, ಮೇಕಪ್‌ಗೆ 10, ಧ್ವನಿಗೆ 10. ಇಂಥ ವಿಭಾಗದಲ್ಲಿ ಶಾರ್ಟ್‌ಲಿಸ್ಟ್‌ನ ಹೊರಗಿರುವ ಹೆಸರಿಗೆ ನಾಮನಿರ್ದೇಶನ ಸಿಗುವ ಮಾತೇ ಇಲ್ಲ. 2024ರಲ್ಲಿ ಭಾರತ ಕಳಿಸಿದ ‘ಲಾಪತಾ ಲೇಡೀಸ್’ ಡಿಸೆಂಬರ್‌ನಲ್ಲೇ ಹೊರಬಿತ್ತು. ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ ವಿದ್ಯಾರ್ಥಿ ಚಿತ್ರಗಳ ಮೊದಲ ಬಹುಮಾನ ಗೆದ್ದ ಚಿದಾನಂದ ನಾಯ್ಕ್ ಅವರ ಕನ್ನಡ ಕಿರುಚಿತ್ರವೂ ಅರ್ಹತೆಯವರೆಗೆ ಬಂದು ಶಾರ್ಟ್‌ಲಿಸ್ಟ್ ಮುಟ್ಟದೆ ನಿಂತಿತು. ನಟನೆ, ನಿರ್ದೇಶನ, ಚಿತ್ರಕಥೆ, ಅತ್ಯುತ್ತಮ ಚಿತ್ರ, ಇವಕ್ಕೆ ಶಾರ್ಟ್‌ಲಿಸ್ಟ್ ಇಲ್ಲ. ನಿಜವಾದ ಕೆಲಸ ಇರುವುದೂ ಅಲ್ಲೇ.

ಮತ ಎಣಿಸುವ ರೀತಿ ಮೊದಲು ತಿಳಿಯಿರಿ

ನಮ್ಮ ಭಾಗದ ಪದವೀಧರರಿಗೆ ಇದು ಹೊಸದಲ್ಲ. 2024ರ ಜೂನ್‌ನಲ್ಲಿ ವಿಧಾನ ಪರಿಷತ್ತಿನ ಈಶಾನ್ಯ ಪದವೀಧರರ ಕ್ಷೇತ್ರಕ್ಕೆ ಮತ ಹಾಕಿದವರು ಹೆಸರಿನ ಮುಂದೆ 1, 2, 3 ಎಂದು ಬರೆದದ್ದು ನೆನಪಿರಬಹುದು. ಆಸ್ಕರ್ ನಾಮನಿರ್ದೇಶನವೂ ಅದೇ ಪ್ರಾಶಸ್ತ್ಯ ಮತದ ಪದ್ಧತಿ. ಹಲವು ಸ್ಥಾನಗಳಿಗೆ ಹೇಗೆ ಎಂದು ತಿಳಿಯಲು ರಾಜ್ಯಸಭೆಯ ಲೆಕ್ಕ ನೋಡಿ: 224 ಶಾಸಕರು, 4 ಸ್ಥಾನ. 224ನ್ನು 5ರಿಂದ ಭಾಗಿಸಿದರೆ 44.8, ಆದ್ದರಿಂದ ಗೆಲ್ಲಲು 45 ಮತ ಬೇಕು.

ಆಸ್ಕರ್‌ನಲ್ಲಿ 5 ಸ್ಥಾನ ಇರುವ ವಿಭಾಗಕ್ಕೆ ಚಲಾಯಿತ ಮತಗಳನ್ನು 6ರಿಂದ ಭಾಗಿಸಿ, ಬಂದ ಪೂರ್ಣಸಂಖ್ಯೆಗೆ ಒಂದು ಸೇರಿಸಿ. ಆಸ್ಕರ್ ಕೊಡುವ ಅಕಾಡೆಮಿಯ ಒಂದು ಶಾಖೆಯಲ್ಲಿ (ನಟರು, ನಿರ್ದೇಶಕರು ಹೀಗೆ ಒಂದೊಂದು ವೃತ್ತಿಯ ಗುಂಪು) 600 ಜನ ಮತ ಹಾಕಿದ್ದಾರೆ ಎಂದುಕೊಳ್ಳಿ: 101 ಮತ ಬಂದವರು ಒಳಗೆ. ಅತ್ಯುತ್ತಮ ಚಿತ್ರಕ್ಕೆ 10 ಸ್ಥಾನ, ಭಾಗಿಸುವುದು 11ರಿಂದ. 9,900 ಮತ ಬಿದ್ದರೆ 901 ಸಾಕು. ಯಾರೂ ಅಷ್ಟು ಮುಟ್ಟದಿದ್ದರೆ ಅತಿ ಕಡಿಮೆ ಮತದವರನ್ನು ತೆಗೆದು, ಆ ಮತಪತ್ರಗಳನ್ನು ಅದರಲ್ಲಿರುವ ಮುಂದಿನ ಹೆಸರಿಗೆ ಕೊಡುತ್ತಾರೆ.

ಈ ಲೆಕ್ಕದಿಂದ ತಿಳಿಯುವುದು ಒಂದೇ, ಅದೇ ಈ ಕೆಲಸದ ಜೀವಾಳ. ಎಲ್ಲರಿಗೂ ‘ಪರವಾಗಿಲ್ಲ’ ಅನ್ನಿಸಿದ ಚಿತ್ರ ಸಾವಿರಾರು ಮತಪತ್ರಗಳಲ್ಲಿ ಏಳನೆಯದಾಗಿ ಇದ್ದರೂ ಹೊರಬೀಳಬಹುದು. ಹತ್ತರಲ್ಲಿ ಒಬ್ಬ ಜೀವ ಕೊಡುವಷ್ಟು ಮೆಚ್ಚಿ ಮೊದಲ ಸ್ಥಾನದಲ್ಲಿ ಬರೆದ ಚಿತ್ರ, ಉಳಿದ ಒಂಬತ್ತು ಜನ ಬೈದರೂ ಒಳಗೆ ಬರುತ್ತದೆ. ಪ್ರತಿ ಹೆಸರಿನ ಮುಂದೆ ಕೇಳಬೇಕಾದ ಪ್ರಶ್ನೆ: ಇದನ್ನು ಒಂದನೇ ನಂಬರಿಗೆ ಬರೆಯುವವರು ಯಾರು, ಎಷ್ಟು ಜನ? ಉತ್ತರ ಸಿಗದಿದ್ದರೆ ಆ ಹೆಸರಿನ ಮೇಲೆ ಅನುಮಾನವಿರಲಿ.

ಇನ್ನು ಯಾರು ಯಾರಿಗೆ ಮತ ಹಾಕುತ್ತಾರೆ ಎಂಬುದು. ನಟರು ನಟನೆಗೆ, ನಿರ್ದೇಶಕರು ನಿರ್ದೇಶನಕ್ಕೆ, ಸಂಕಲನಕಾರರು ಸಂಕಲನಕ್ಕೆ. ಅತ್ಯುತ್ತಮ ಚಿತ್ರಕ್ಕೆ ಮಾತ್ರ ಎಲ್ಲರೂ. ಬಳ್ಳಾರಿ ರಾಘವರ ಊರಿನಲ್ಲಿ ನಟನೆ ಅಳೆಯುವ ಕಣ್ಣಿಗೇನೂ ಕೊರತೆಯಿಲ್ಲ, ಆದರೆ ಈ ಲೆಕ್ಕ ಹಾಕುವಾಗ ಆ ಕಣ್ಣನ್ನು ಪಕ್ಕಕ್ಕಿಡಬೇಕು. ನಿಮಗೆ ಯಾವ ಅಭಿನಯ ಇಷ್ಟವಾಯಿತು ಎಂದು ಇಲ್ಲಿ ಯಾರೂ ಕೇಳುವುದಿಲ್ಲ. ಪೈಪೋಟಿಯಲ್ಲಿರುವ ಅರ್ಧಕ್ಕರ್ಧ ಇಂಗ್ಲಿಷ್ ಚಿತ್ರಗಳು ನಮ್ಮ ಜಿಲ್ಲೆಗಳ ಚಿತ್ರಮಂದಿರಕ್ಕೆ ಬರುವುದೇ ಇಲ್ಲ. ಅದರಿಂದ ನಷ್ಟವಿಲ್ಲ. ನೋಡದೆ ಇದ್ದವರು ಎಷ್ಟೋ ಸಲ ನೋಡಿದವರಿಗಿಂತ ಚೆನ್ನಾಗಿ ಊಹಿಸುತ್ತಾರೆ, ಯಾಕೆಂದರೆ ಅವರಿಗೆ ಪಕ್ಷಪಾತ ಕಡಿಮೆ.

ಸಂಘಗಳ ಪಟ್ಟಿಯನ್ನು ತಳಹದಿ ಮಾಡಿಕೊಳ್ಳಿ

ಅಮೆರಿಕದ ನಿರ್ಮಾಪಕರ ಸಂಘ (ಪಿಜಿಎ) ಜನವರಿಯಲ್ಲಿ 10 ಚಿತ್ರಗಳ ಪಟ್ಟಿ ಕೊಡುತ್ತದೆ. ಅದನ್ನು ಹಾಗೇ ನಕಲು ಮಾಡಿದರೆ ಎಷ್ಟು ಸರಿಯಾಗುತ್ತಿತ್ತು? 2021ರ ಚಿತ್ರಗಳಿಗೆ 8, 2022ಕ್ಕೆ 7, 2023ಕ್ಕೆ ಹತ್ತಕ್ಕೆ ಹತ್ತು, 2024ಕ್ಕೆ 8. ಅಂದರೆ ಪಿಜಿಎ ಪಟ್ಟಿಯಿಂದ ಎರಡು ತೆಗೆದು ಎರಡು ಸೇರಿಸಿ, ಮೂರಕ್ಕಿಂತ ಹೆಚ್ಚು ಮುಟ್ಟಬೇಡಿ. ಸೇರಿಸುವುದು ಯಾವುದನ್ನು? ಹೊಸದಾಗಿ ಬಂದವುಗಳಲ್ಲಿ ಮೂರರ ಹೆಸರು ನೋಡಿ: ಜಪಾನಿನ ‘ಡ್ರೈವ್ ಮೈ ಕಾರ್’, ಜರ್ಮನ್ ಭಾಷೆಯ ‘ಆಲ್ ಕ್ವೈಟ್ ಆನ್ ದ ವೆಸ್ಟರ್ನ್ ಫ್ರಂಟ್’, ಬ್ರೆಜಿಲ್‌ನ ‘ಐ ಆ್ಯಮ್ ಸ್ಟಿಲ್ ಹಿಯರ್’. ಪಿಜಿಎ ಅಮೆರಿಕದ ನಿರ್ಮಾಪಕರ ಮನೆ. ಅಕಾಡೆಮಿ ಈಗ ಹಾಗಿಲ್ಲ. 2015, 2016ರ ಸಮಾರಂಭಗಳಲ್ಲಿ ನಟನೆಯ 20 ಸ್ಥಾನಗಳೂ ಬಿಳಿಯರ ಪಾಲಾಗಿ ದೊಡ್ಡ ಟೀಕೆ ಬಂದ ಮೇಲೆ ಅದು ಬೇರೆ ದೇಶಗಳವರನ್ನು ದೊಡ್ಡ ಸಂಖ್ಯೆಯಲ್ಲಿ ಸೇರಿಸಿಕೊಂಡಿತು. 2023ರಲ್ಲಿ ಮಣಿರತ್ನಂ, ರಾಮ್ ಚರಣ್, ಜೂನಿಯರ್ ಎನ್‌ಟಿಆರ್ ಅವರಿಗೂ ಆಹ್ವಾನ ಹೋಯಿತು.

ನಿರ್ದೇಶಕರ ವಿಭಾಗದಲ್ಲಿ ಇದು ಇನ್ನೂ ಸ್ಪಷ್ಟ. ನಿರ್ದೇಶಕರ ಸಂಘ (ಡಿಜಿಎ) ಐದು ಹೆಸರು ಕೊಡುತ್ತದೆ. 2020, 2021, 2022, 2024ರ ಚಿತ್ರಗಳಿಗೆ ಅದರಲ್ಲಿ ನಾಲ್ಕೇ ಆಸ್ಕರ್‌ಗೆ ಬಂದವು, 2023ಕ್ಕೆ ಮೂರು. ಒಳಬಂದವರು ಕ್ರಮವಾಗಿ ಥಾಮಸ್ ವಿಂಟರ್‌ಬರ್ಗ್, ರ್ಯೂಸುಕೆ ಹಮಗುಚಿ, ರೂಬೆನ್ ಓಸ್ಟ್‌ಲುಂಡ್, 2023ಕ್ಕೆ ಜಸ್ಟಿನ್ ತ್ರಿಯೆ ಮತ್ತು ಜೊನಾಥನ್ ಗ್ಲೇಜರ್, 2024ಕ್ಕೆ ಕೊರಾಲಿ ಫಾರ್ಜಾ. ಒಬ್ಬರೂ ಅಮೆರಿಕದವರಲ್ಲ, ಹೆಚ್ಚಿನವರ ಚಿತ್ರಗಳು ಕಾನ್ ಚಿತ್ರೋತ್ಸವದ ಸ್ಪರ್ಧೆಯಲ್ಲಿದ್ದವು. ಹೊರಬಿದ್ದವರಲ್ಲಿ ‘ಡ್ಯೂನ್’ನ ಡೆನಿ ವಿಲ್‌ನ್ಯೂವ್, ‘ಟಾಪ್ ಗನ್: ಮ್ಯಾವರಿಕ್’ನ ಜೋಸೆಫ್ ಕೊಸಿನ್‌ಸ್ಕಿ, ‘ಬಾರ್ಬಿ’ಯ ಗ್ರೆಟಾ ಗರ್ವಿಗ್ ಇದ್ದಾರೆ. ಕೊನೆಗೆ ಹಣ ಗಳಿಕೆಯಲ್ಲಿ ಮೊದಲಿದ್ದ ಚಿತ್ರದ ನಿರ್ದೇಶಕರನ್ನು ತೆಗೆದು, ಕಾನ್‌ನಿಂದ ಬಂದ ಒಬ್ಬರನ್ನು ಹಾಕಿ. ಇಷ್ಟು ಧೈರ್ಯ ಮಾಡಲೇಬೇಕು. ಡಿಜಿಎ ಪಟ್ಟಿಯನ್ನು ಹಾಗೇ ಬಿಡುವವರು ಪ್ರತಿ ವರ್ಷ ಅದೇ ಒಂದು ಅಂಕ ಕಳೆದುಕೊಳ್ಳುತ್ತಾರೆ.

ನಟನೆಯ ವಿಭಾಗಕ್ಕೆ ಅಂಕಪಟ್ಟಿ

ಒಂದು ಶೀಟ್ ತೆರೆಯಿರಿ. ಅಡ್ಡಸಾಲಿಗೊಂದು ಹೆಸರು, ಪ್ರತಿ ವಿಭಾಗಕ್ಕೆ ಹತ್ತು ಹೆಸರು ಸಾಕು. ಕಾಲಂಗಳು ಹೀಗಿರಲಿ: ನಟರ ಸಂಘದ ಪ್ರಶಸ್ತಿಗೆ (ಸ್ಯಾಗ್, 2026ರಿಂದ ಹೆಸರು ಆ್ಯಕ್ಟರ್ ಅವಾರ್ಡ್ಸ್) ನಾಮನಿರ್ದೇಶನವಿದ್ದರೆ 3, ಬ್ರಿಟನ್ನಿನ ಬಾಫ್ಟಾ 2, ವಿಮರ್ಶಕರ ಕ್ರಿಟಿಕ್ಸ್ ಚಾಯ್ಸ್ 1, ಪತ್ರಕರ್ತರ ಗೋಲ್ಡನ್ ಗ್ಲೋಬ್ 1, ಆ ಚಿತ್ರವೇ ಅತ್ಯುತ್ತಮ ಚಿತ್ರದ ನಿಮ್ಮ ಹತ್ತರಲ್ಲಿದ್ದರೆ 2. ಒಟ್ಟು 9. ಏಳು ಅಥವಾ ಅದಕ್ಕಿಂತ ಹೆಚ್ಚು ಬಂದವರನ್ನು ಒಳಗೆ ಬರೆದುಬಿಡಿ. ನಾಲ್ಕರಿಂದ ಆರರವರೆಗಿನವರ ಬಗ್ಗೆ ಮಾತ್ರ ಚರ್ಚೆ ನಡೆಯಲಿ.

ಕೊನೆಯ ಕಾಲಂ ಬಿಡಬೇಡಿ. ಮತದಾರರು ಚಿತ್ರ ಹಾಕಿಕೊಂಡು ಕೂತರೆ ತಾನೇ ನಟನೆ ಕಣ್ಣಿಗೆ ಬೀಳುವುದು. ಎಲ್ಲರೂ ನೋಡಿದ ಚಿತ್ರದ ಸಣ್ಣ ಪಾತ್ರಕ್ಕೆ, ಯಾರೂ ನೋಡದ ಚಿತ್ರದ ದೊಡ್ಡ ಪಾತ್ರಕ್ಕಿಂತ ಹೆಚ್ಚು ಅವಕಾಶ.

ಆದರೆ ಈ ಪಟ್ಟಿ ಒಂದು ಕಡೆ ದಾರಿ ತಪ್ಪಿಸುತ್ತದೆ. 2024ರ ‘ಐ ಆ್ಯಮ್ ಸ್ಟಿಲ್ ಹಿಯರ್’ ನಟಿ ಫರ್ನಾಂಡಾ ಟೋರಿಸ್ ಅವರನ್ನು ಇದರಲ್ಲಿ ಕೂರಿಸಿ ನೋಡಿ: ಸ್ಯಾಗ್ ಸೊನ್ನೆ, ಬಾಫ್ಟಾ ಸೊನ್ನೆ, ಕ್ರಿಟಿಕ್ಸ್ ಚಾಯ್ಸ್ ಸೊನ್ನೆ, ಗೋಲ್ಡನ್ ಗ್ಲೋಬ್ 1. ಆದರೂ ನಾಮನಿರ್ದೇಶನ ಬಂತು. ಕಾರಣ ದಿನಾಂಕಗಳಲ್ಲಿದೆ. 2025ರ ಜನವರಿ 5ರಂದು ಅವರು ಗ್ಲೋಬ್ ಗೆದ್ದರು, ಜನವರಿ 8ಕ್ಕೆ ಅಕಾಡೆಮಿಯ ಮತದಾನ ಶುರುವಾಯಿತು. ಗ್ಲೋಬ್‌ಗೆ ಮತ ಹಾಕುವವರು ಪತ್ರಕರ್ತರು, ಅಕಾಡೆಮಿಯ ಮತದಾರರಲ್ಲ. ಹಾಗಾಗಿ ಗ್ಲೋಬ್ ನಾಮನಿರ್ದೇಶನಕ್ಕೆ ಬೆಲೆ ಕಡಿಮೆ, ಮತದಾನದ ಹೊಸ್ತಿಲಲ್ಲಿ ಬಂದ ಗ್ಲೋಬ್ ಗೆಲುವಿಗೆ ಬೆಲೆ ಹೆಚ್ಚು. ನೋಡದೆ ಬಿಟ್ಟಿದ್ದ ಚಿತ್ರವನ್ನು ಸದಸ್ಯರು ಆ ವಾರ ಹುಡುಕಿ ನೋಡುತ್ತಾರೆ. ‘ನಾಟು ನಾಟು’ ಕೂಡ 2023ರ ಜನವರಿ 10ರಂದು ಗ್ಲೋಬ್ ಗೆದ್ದಿತ್ತು, ಮತದಾನ ಶುರುವಾದದ್ದು 12ಕ್ಕೆ. ತೆಲುಗು ಚಿತ್ರ ಮನೆಮಾತಾಗಿರುವ ಬಳ್ಳಾರಿ, ರಾಯಚೂರಿನವರಿಗೆ ಆ ಹಾಡಿನ ಶಕ್ತಿ ಮೊದಲೇ ಗೊತ್ತಿತ್ತು. ಅಕಾಡೆಮಿಯ ಸಂಗೀತ ಶಾಖೆಯವರ ಕಿವಿಗೆ ಅದು ಸರಿಯಾದ ವಾರದಲ್ಲಿ ಬಿತ್ತು.

ಇಂಗ್ಲಿಷೇತರ ಪಾತ್ರಗಳಿಗೆ ಸ್ಯಾಗ್ ಕಾಲಂನಲ್ಲಿ ಸೊನ್ನೆ ಬರೆಯದೆ ಖಾಲಿ ಬಿಟ್ಟು, 6ಕ್ಕೆ ಅಂಕ ಹಾಕಿ. ಗ್ಲೋಬ್ ಗೆದ್ದವರಿಗೆ ಇನ್ನೂ 2 ಸೇರಿಸಿ. ಪೆನೆಲೊಪೆ ಕ್ರೂಸ್ 2021ರ ಚಿತ್ರಕ್ಕೆ ಈ ನಾಲ್ಕೂ ಕಡೆ ಹೆಸರಿಲ್ಲದೆ ಬಂದರು. ಅಂಥವರನ್ನು ಯಾವ ಶೀಟೂ ಹಿಡಿಯದು, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಎಲ್ಲಿ ಎಡವುತ್ತಾರೆ

ವಿಭಾಗ ಅದಲು ಬದಲಾಗುವುದು ಮೊದಲನೆಯದು. ಮುಖ್ಯ ಪಾತ್ರವೋ ಪೋಷಕವೋ ಎಂದು ಸ್ಟುಡಿಯೋ ಪ್ರಚಾರ ಮಾಡಬಹುದು, ತೀರ್ಮಾನ ಮತದಾರರದ್ದು. ಕೇಟ್ ವಿನ್ಸ್‌ಲೆಟ್ 2008ರ ‘ದ ರೀಡರ್’ಗೆ ಪೋಷಕ ಎಂದು ಪ್ರಚಾರವಾಗಿ ಮುಖ್ಯ ವಿಭಾಗಕ್ಕೆ ಬಂದರು. 2021ರಲ್ಲಿ ಲಕೀತ್ ಸ್ಟ್ಯಾನ್‌ಫೀಲ್ಡ್‌ಗೆ ಇದರ ತಿರುಗುಮುರುಗು ಆಯಿತು. ಚಿತ್ರಕಥೆಯಲ್ಲಿ ಮಾತ್ರ ಅಕಾಡೆಮಿಯೇ ನಿರ್ಧರಿಸುತ್ತದೆ: ‘ಬಾರ್ಬಿ’ ಮೂಲ ಚಿತ್ರಕಥೆ ಎಂದು ಓಡಾಡಿ ಆಧಾರಿತ ಚಿತ್ರಕಥೆಯ ಪಟ್ಟಿಗೆ ಬಂತು. ಲೇಖಕರ ಸಂಘದ (ಡಬ್ಲ್ಯುಜಿಎ) ಪಟ್ಟಿ ನೋಡುವಾಗಲೂ ಎಚ್ಚರ. ಸಂಘದ ಒಪ್ಪಂದದಡಿ ಬರೆಯದ ಚಿತ್ರಗಳಿಗೆ ಅಲ್ಲಿ ಪ್ರವೇಶವೇ ಇಲ್ಲ. ಹೆಸರು ಕಾಣಲಿಲ್ಲವೆಂದು ತೆಗೆದುಹಾಕುವ ಮುನ್ನ ಅದಕ್ಕೆ ಅರ್ಹತೆ ಇತ್ತೇ ಎಂದು ನೋಡಿ.

ಭಾರತದ ಚಿತ್ರದ ವಿಷಯದಲ್ಲಿ ಮನಸ್ಸು ಗಟ್ಟಿ ಮಾಡಿಕೊಳ್ಳಿ. ಅಂತರರಾಷ್ಟ್ರೀಯ ವಿಭಾಗದಲ್ಲಿ ನಮಗೆ ನಾಮನಿರ್ದೇಶನ ತಂದವು ‘ಮದರ್ ಇಂಡಿಯಾ’, ‘ಸಲಾಂ ಬಾಂಬೆ’, ‘ಲಗಾನ್’ ಮಾತ್ರ. ಶಾರ್ಟ್‌ಲಿಸ್ಟ್‌ನಲ್ಲಿ ಹೆಸರು ಬರುವ ತನಕ ಬರೆಯಬೇಡಿ. ಸಾಕ್ಷ್ಯಚಿತ್ರ, ಕಿರುಚಿತ್ರ ವಿಭಾಗಗಳಲ್ಲಿ ನಮ್ಮವರ ದಾರಿ ಸಲೀಸು. ‘ಆಲ್ ದಟ್ ಬ್ರೀದ್ಸ್’, ‘ದ ಎಲಿಫೆಂಟ್ ವಿಸ್ಪರರ್ಸ್’ ಎರಡೂ ಒಂದೇ ವರ್ಷ ಬಂದವು.

ಗೆಳೆಯರ ನಡುವೆ ಪಂದ್ಯವಾದರೆ

ಶೀಟ್‌ಗೆ ಪ್ರಕಟಣೆಯ ಹಿಂದಿನ ರಾತ್ರಿ ಬೀಗ ಹಾಕಿ, ಆಮೇಲೆ ತಿದ್ದುವಂತಿಲ್ಲ. ಸರಿಯಾದ ಹೆಸರಿಗೆ ಒಂದು ಅಂಕ. ಜೊತೆಗೆ ‘ನಕಲು’ ಎಂಬ ಒಬ್ಬ ಆಟಗಾರನನ್ನೂ ಸೇರಿಸಿ. ಅವನು ಪಿಜಿಎ, ಡಿಜಿಎ, ಸ್ಯಾಗ್ ಪಟ್ಟಿಗಳನ್ನು ಹಾಗೇ ಒಪ್ಪಿಸುತ್ತಾನೆ. ಅವನಿಗಿಂತ ಎಷ್ಟು ಹೆಚ್ಚು ಬಂತು ಎಂಬುದೇ ನಿಮ್ಮ ನಿಜವಾದ ಅಂಕ. ದಿನಾಂಕವನ್ನು ಮತ್ತೆ ಮತ್ತೆ ನೋಡುತ್ತಿರಿ. 2025ರಲ್ಲಿ ಲಾಸ್ ಏಂಜಲಿಸ್ ಕಾಡ್ಗಿಚ್ಚಿನಿಂದ ಪ್ರಕಟಣೆ ಜನವರಿ 17ರಿಂದ 23ಕ್ಕೆ ಹೋಯಿತು.

ಪ್ರಕಟಣೆ ಅಲ್ಲಿ ಬೆಳಿಗ್ಗೆ 5.30ಕ್ಕೆ, ನಮಗೆ ಸಂಜೆ 7ಕ್ಕೆ. ಅಕಾಡೆಮಿಯ ಯೂಟ್ಯೂಬ್ ಚಾನೆಲ್‌ನಲ್ಲಿ ನೇರಪ್ರಸಾರ ಇರುತ್ತದೆ. ಮಿರ್ಚಿ-ಮಂಡಕ್ಕಿ ತಂದಿಟ್ಟುಕೊಂಡು ಕೂರಲು ಒಳ್ಳೆಯ ಹೊತ್ತು. ಹೆಸರುಗಳನ್ನು ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ ಓದುತ್ತಾರೆ, ನಟನಟಿಯರಿಗೆ ಮನೆತನದ ಹೆಸರಿನಿಂದ. ನಿಮ್ಮ ಶೀಟನ್ನೂ ಮೊದಲೇ ಅದೇ ಕ್ರಮಕ್ಕೆ ಜೋಡಿಸಿಡಿ. ಓದುವವರು ನಿಮ್ಮ ಹೆಸರಿನ ಅಕ್ಷರ ದಾಟಿ ಮುಂದೆ ಹೋದರೆ ಅಲ್ಲೇ ಗೀಟು ಹಾಕಿ, ಮುಂದಿನ ಸಾಲಿಗೆ ಹೋಗಬಹುದು.