ಶಾಲೆಯ ಮೆಡಿಕ್ಲೇಮ್ ಪ್ರೀಮಿಯಂ ನಾನು ಇಳಿಸಿದ್ದು ಹೀಗೆ

"ಪ್ರೀಮಿಯಂ ಇಳಿಸ್ತೀರಾ? ಜುಲೈ ತಿಂಗಳಲ್ಲಿ ಭಾಗಮಂಡಲದಲ್ಲಿ ಬಟ್ಟೆ ಒಣಗಿಸಿದ ಹಾಗೆ" ಎಂದು ನಮ್ಮ ಖಜಾಂಚಿ ನಕ್ಕಿದ್ದರು. ಏಜೆಂಟ್ ಕೂಡ ನಕ್ಕಿದ್ದ. ಈ ಸಲ ರಿನ್ಯೂವಲ್ ಕಾಗದಕ್ಕೆ ಸಹಿ ಹಾಕುವ ಮೊದಲು ಖಜಾಂಚಿಗಳು ಕನ್ನಡಕ ಒರೆಸಿಕೊಂಡು ಮೊತ್ತವನ್ನು ಎರಡು ಸಲ ಓದಿದರು. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಗೋಣಿಕೊಪ್ಪ ಕಡೆಯ ಅನುದಾನರಹಿತ ಶಾಲೆ. ಸಿಬ್ಬಂದಿ 60 ಚಿಲ್ಲರೆ, ಮನೆಯವರೆಲ್ಲ ಸೇರಿದರೆ 250ರ ಹತ್ತಿರ. 2019ರಲ್ಲಿ ಪ್ರೀಮಿಯಂ ನಾಲ್ಕು ಲಕ್ಷದ ಆಸುಪಾಸು ಇತ್ತು. ಕೋವಿಡ್ ಮುಗಿಯುವಷ್ಟರಲ್ಲಿ ಏಳು ದಾಟಿತು. 2023ಕ್ಕೆ ಬಂದ ಕೊಟೇಶನ್ ಹತ್ತೂವರೆ. ಅದರ ಮೇಲೆ ಶೇ. 18 ಜಿಎಸ್‌ಟಿ. ಕಟ್ಟಿದ ತೆರಿಗೆ ವಾಪಸ್ ಹೊಂದಿಸಿಕೊಳ್ಳುವ ಇನ್‌ಪುಟ್ ನಮಗೆ ಸಿಗಲ್ಲ, ಅಷ್ಟೂ ಹೋದದ್ದೇ.

ಮೊದಲು ಮಾಡಿದ ತಪ್ಪುಗಳನ್ನು ಹೇಳಿಬಿಡುತ್ತೇನೆ.

2021ರಲ್ಲಿ ಅಗ್ಗ ಸಿಕ್ಕಿತು ಎಂದು ಕಂಪನಿ ಬದಲಿಸಿದೆ. ರೂಮ್ ಬಾಡಿಗೆಗೆ ಶೇ. 1ರ ಮಿತಿ ಇತ್ತು. ಎರಡು ಲಕ್ಷದ ಪಾಲಿಸಿ, ಅಂದರೆ ದಿನಕ್ಕೆ ಎರಡು ಸಾವಿರ. ನಮ್ಮ ಒಬ್ಬ ಟೀಚರ್ ಮೈಸೂರಿನಲ್ಲಿ ಆಪರೇಷನ್‌ಗೆ ಸೇರಿ ನಾಲ್ಕು ಸಾವಿರದ ರೂಮ್ ತೆಗೆದುಕೊಂಡರು. ರೂಮಿನ ಹೆಚ್ಚುವರಿ ಮಾತ್ರ ಕೈಯಿಂದ ಹೋಗುತ್ತೆ ಎಂದುಕೊಂಡಿದ್ದೆವು. ಕಂಪನಿಯವರು ಡಾಕ್ಟರ್ ಫೀಸು, ಥಿಯೇಟರ್ ಚಾರ್ಜು ಎಲ್ಲವನ್ನೂ ಅದೇ ಲೆಕ್ಕದಲ್ಲಿ ಅರ್ಧ ಮಾಡಿದರು. ಮದ್ದಿನ ಬಿಲ್ಲಿಗೆ ಮಾತ್ರ ಕತ್ತರಿ ಬೀಳಲಿಲ್ಲ. ಲಕ್ಷ ಚಿಲ್ಲರೆ ಬಿಲ್ಲಿನಲ್ಲಿ 40 ಸಾವಿರ ಅವರ ತಲೆಗೆ ಬಿತ್ತು. ಒಂದು ತಿಂಗಳು ಸ್ಟಾಫ್ ರೂಮಿನಲ್ಲಿ ನನಗೆ ಯಾರೂ ಟೀ ಕೊಡಲಿಲ್ಲ.

ಆಮೇಲೆ ಇನ್ನೊಂದು ಬುದ್ಧಿವಂತಿಕೆ. 21 ಸಾವಿರದೊಳಗೆ ಸಂಬಳ ಇರುವ ಡ್ರೈವರ್, ಆಯಾ, ಹೊಸ ಟೀಚರುಗಳಿಗೆ ಸರ್ಕಾರದ ಆರೋಗ್ಯ ವಿಮೆ ಇಎಸ್‌ಐ ಕಟ್ಟುತ್ತಲೇ ಇದ್ದೇವೆ. ನಮ್ಮದು ಶೇ. 3.25, ಅವರದು 0.75. ಮತ್ತೆ ಗ್ರೂಪ್ ಪಾಲಿಸಿಯೂ ಯಾಕೆ ಎಂದು 22 ಜನರ ಹೆಸರು ತೆಗೆದೆ. ಲೆಕ್ಕ ಸರಿಯೇ ಇತ್ತು. ಒಂದು ರಾತ್ರಿ ಡ್ರೈವರ್ ಹೆಂಡತಿಗೆ ಹೊಟ್ಟೆನೋವು ಬಂತು, ಇಎಸ್‌ಐ ಆಸ್ಪತ್ರೆ ಇರುವುದು ಮೈಸೂರಿನಲ್ಲಿ. ಆನೆ ಅಡ್ಡ ಬರುವ ತಿತಿಮತಿ ರಸ್ತೆಯಲ್ಲಿ ಹೋಗಬೇಕು. ಬೆಳಿಗ್ಗೆ ಡ್ರೈವರ್ ಬಸ್ಸಿನ ಕೀ ತಂದು ನನ್ನ ಟೇಬಲ್ ಮೇಲೆ ಇಟ್ಟರು. ಮಾತಾಡಲಿಲ್ಲ. ಎಲ್ಲರ ಹೆಸರನ್ನೂ ವಾಪಸ್ ಸೇರಿಸಿದೆ, ಒಂದು ಲಕ್ಷದ ಮಿತಿಗೆ. ಮುಂಚೆಯೇ ಗೊತ್ತಿರುವ ದೊಡ್ಡ ಆಪರೇಷನ್‌ಗೆ ಇಎಸ್‌ಐ, ತುರ್ತಿಗೆ ಇದು ಎಂದು ಮಾತಾಯಿತು. ಅದು ಈಗಲೂ ನಡೆಯುತ್ತಿದೆ.

ನಡುವೆ ಯೋಗ ಕ್ಲಾಸ್ ಮಾಡಿಸಿದೆ. ಮೂರನೇ ವಾರಕ್ಕೆ ಗುರುಗಳು ಮತ್ತು ನಾನು, ಇಬ್ಬರೇ. ವಾಕಿಂಗ್ ಸ್ಪರ್ಧೆಯನ್ನು ಜೂನ್‌ನಲ್ಲಿ ಶುರು ಮಾಡಿದ್ದೇ ತಪ್ಪು. ಮಳೆ, ಜಿಗಣೆ. ಪಂದಿಕರಿ ಕಮ್ಮಿ ಮಾಡಿ ಎಂದು ನೋಟಿಸ್ ಹಾಕುವ ಧೈರ್ಯ ಮಾತ್ರ ಮಾಡಲಿಲ್ಲ. ಆಫೀಸಿನಲ್ಲಿಟ್ಟ ಬಿಪಿ ಮೆಷಿನ್ ಉಪಯೋಗಕ್ಕೆ ಬಂತು. ಬಿಪಿ, ಶುಗರ್ ಮಾತ್ರೆಯನ್ನು ಜನೌಷಧಿಯಿಂದ ಒಟ್ಟಿಗೆ ತರಿಸುವುದೂ ಅಷ್ಟೆ. ತಿಂಗಳಿಗೆ ಎಂಟುನೂರು ಕೊಡುತ್ತಿದ್ದವರಿಗೆ ಇನ್ನೂರರೊಳಗೆ ಮುಗಿಯುತ್ತಿದೆ.

ದಾರಿ ಕಾಣಿಸಿದ್ದು ಕ್ಲೇಮ್ ಪಟ್ಟಿಯಲ್ಲಿ. ಕಂಪನಿಯ ಪರವಾಗಿ ಕ್ಲೇಮ್ ನೋಡಿಕೊಳ್ಳುವ ಟಿಪಿಎಯಿಂದ ಅದನ್ನು ತೆಗೆಸಲು ಎಂಟು ಮೇಲ್, ನಾಲ್ಕು ಜಗಳ ಬೇಕಾಯಿತು. ಹೆಸರಿನ ಕಾಲಂ ಮಡಚಿ ಪಿನ್ ಹೊಡೆದು ಓದಿದೆ. ಯಾರ ಕಾಯಿಲೆ ಯಾವುದು ಎಂದು ನನಗೆ ಗೊತ್ತಾಗುವುದು ಬೇಡ. ಒಟ್ಟು 40 ಚಿಲ್ಲರೆ ಕ್ಲೇಮ್. ಅದರಲ್ಲಿ 27ರಷ್ಟು 20 ಸಾವಿರದೊಳಗಿನವು. ಹೆಚ್ಚಿನವು ಜೂನ್‌ನಿಂದ ಸೆಪ್ಟೆಂಬರ್ ತನಕದವು. ಜ್ವರ, ವಾಂತಿಭೇದಿ, ಎರಡು ರಾತ್ರಿ ಅಡ್ಮಿಟ್. ಮಿಕ್ಕಿದ್ದರಲ್ಲಿ ಅಪ್ಪ ಅಮ್ಮಂದಿರ ಕಣ್ಣಿನ ಪೊರೆ, ಮಂಡಿ.

ಜ್ವರಕ್ಕೆ ಯಾಕೆ ಅಡ್ಮಿಟ್ ಆಗ್ತೀರಿ ಎಂದು ಒಬ್ಬರನ್ನು ಕೇಳಿದೆ. "ಅಡ್ಮಿಟ್ ಆದ್ರೆ ದುಡ್ಡು ಬರುತ್ತೆ ಸಾರ್, ಮನೇಲಿ ಮಲಗಿದ್ರೆ ಬರಲ್ಲ ಅಲ್ವಾ?" ಎಂದರು. ಅವರ ತಪ್ಪೇನಿಲ್ಲ. ಪಾಲಿಸಿ ಇದ್ದದ್ದೇ ಹಾಗೆ.

2024ರಲ್ಲಿ ಪಾಲಿಸಿಯನ್ನೇ ತಿರುಗಿಸಿ ಹಾಕಿದೆ. ಪ್ರತಿ ಕ್ಲೇಮಿನಲ್ಲಿ ಮೊದಲ 20 ಸಾವಿರ ಶಾಲೆಯದು, ಅದರ ಮೇಲಿನದು ಕಂಪನಿಯದು. ರೂಮ್ ಮಿತಿ ತೆಗೆಸಿದೆ. ಆ 20 ಸಾವಿರಕ್ಕೆಂದು ಒಂದು ನಿಧಿ ಮಾಡಿದೆವು. ಅದಕ್ಕೆ ಶಾಲೆ ಒಂದೂವರೆ ಲಕ್ಷ ಹಾಕಿತು, ಸಿಬ್ಬಂದಿ ತಿಂಗಳಿಗೆ ನೂರು ರೂಪಾಯಿ. ಈ ನಿಧಿಯಿಂದಲೇ ಅಡ್ಮಿಟ್ ಆಗದಿದ್ದರೂ ಡಾಕ್ಟರ್, ಲ್ಯಾಬ್, ಮದ್ದಿನ ಬಿಲ್ಲಿಗೆ ಮನೆಗೆ ವರ್ಷಕ್ಕೆ ನಾಲ್ಕು ಸಾವಿರದ ತನಕ. ಅಪ್ಪ ಅಮ್ಮಂದಿರನ್ನು ಬೇರೆ ಪಾಲಿಸಿಗೆ ಹಾಕಿದೆ. ಅರ್ಧ ಪ್ರೀಮಿಯಂ ಅವರವರದು, ಬಿಲ್ಲಿನಲ್ಲಿ ಶೇ. 20 ಕೂಡ. ಇದಕ್ಕೆ ಗಲಾಟೆ ಜಾಸ್ತಿಯೇ ಆಯಿತು. 2025ರ ಸೆಪ್ಟೆಂಬರ್ 22ರಿಂದ ಸ್ವಂತ ಪಾಲಿಸಿಗೆ ಜಿಎಸ್‌ಟಿ ಇಲ್ಲ, ಗ್ರೂಪಿಗೆ ಇದ್ದೇ ಇದೆ. ಹಾಗಾಗಿ ಆರೋಗ್ಯ ಚೆನ್ನಾಗಿರುವ ತಂದೆತಾಯಿಗಳಿಗೆ ಸ್ವಂತ ಪಾಲಿಸಿಯ ಲೆಕ್ಕ ಹಾಕಿಸುತ್ತಿದ್ದೇನೆ.

ಡಿಸ್ಚಾರ್ಜ್ ದಿನ ಆ 20 ಸಾವಿರ ಯಾರು ಕಟ್ಟುವುದು? ಮೊದಲ ಸಲವೇ ಭಾನುವಾರ ಬಂತು, ಚೆಕ್ಕಿಗೆ ಸಹಿ ಹಾಕುವವರು ತೋಟದಲ್ಲಿ, ಅಲ್ಲಿ ನೆಟ್‌ವರ್ಕ್ ಇಲ್ಲ. ಈಗ ನನ್ನ ಫೋನಿನಿಂದಲೇ ಕಳಿಸಿ ಮಾರನೇ ದಿನ ವೋಚರ್ ಮಾಡುತ್ತೇನೆ.

ಮೊದಲ ವರ್ಷ ಎರಡೂ ಪಾಲಿಸಿಯ ಪ್ರೀಮಿಯಂನಲ್ಲಿ ಶಾಲೆಯ ಪಾಲು ಐದು ಲಕ್ಷದ ಒಳಗೇ ಬಂತು. ನಿಧಿಯಿಂದ ಹೋದದ್ದು ಎರಡು ಲಕ್ಷ ಮುಟ್ಟಲಿಲ್ಲ. ಸಣ್ಣ ಅಡ್ಮಿಷನ್‌ಗಳು 27ರಿಂದ ಒಂಬತ್ತೋ ಹತ್ತೋ ಆದವು. ಎರಡನೇ ವರ್ಷ ಕಂಪನಿಯೇ ಸ್ವಲ್ಪ ಇಳಿಸಿತು. ರಿನ್ಯೂವಲ್‌ಗೆ ಮೂರು ತಿಂಗಳು ಮೊದಲೇ ಹೊರಡಿ, ಅಷ್ಟು ಹೇಳುತ್ತೇನೆ. ಕಂಪನಿಯವರ ಮುಂದೆ ಯಾವ ಹಾಳೆ ಮೊದಲು ಇಡಬೇಕು ಎನ್ನುವುದು ನನ್ನ ಹತ್ತಿರವೇ ಇರಲಿ.

ಮೊನ್ನೆ ಮೀಟಿಂಗಿನಲ್ಲಿ ಖಜಾಂಚಿಗಳು, "ಉಳಿದ ದುಡ್ಡಲ್ಲಿ ಎರಡನೇ ನಂಬರ್ ಬಸ್ಸಿಗೆ ಟೈರ್ ಹಾಕಿಸೋಣ" ಎಂದರು. ಅಷ್ಟರಲ್ಲಿ ನಾನು ಅದನ್ನು ನಿಧಿಯ ಖಾತೆಗೆ ಹಾಕಿ ರಸೀದಿ ಫೈಲು ಮಾಡಿ ಆಗಿತ್ತು.